ಹೊಳೆ ಇಳಿದ ಮೇಲೆ ಬೋಟಿನ ಎಂಜಿನ್ ಎತ್ತಿಡುವುದು ಹೇಗೆ

2019ರ ಆಗಸ್ಟ್. ಮೇಲೆ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಮಳೆಯೂ ನಿಂತಿರಲಿಲ್ಲ. ನಮ್ಮದು ಜಮಖಂಡಿ ತಾಲ್ಲೂಕಿನ ಹೊಳೆದಂಡೆ ಊರು. ಕೃಷ್ಣೆ ಊರ ಅಗಸಿ ತನಕ ಬಂದಿದ್ದಳು. ತೋಟದ ಮನೆಯೊಂದರ ಮಾಳಿಗೆ ಮೇಲೆ ಒಬ್ಬ ಅಜ್ಜಿ ಸಿಕ್ಕಿಕೊಂಡಿದ್ದರು, ಜೊತೆಗೆ ಎರಡು ಆಡು. ಊರಲ್ಲಿ ಒಂದು ಬೋಟಿತ್ತು. ಅದಕ್ಕೆ ಎಂಜಿನ್ನೂ ಇತ್ತು. ಹಗ್ಗ ಜಗ್ಗಿದೆವು. ಒಬ್ಬರಾದ ಮೇಲೆ ಒಬ್ಬರು, ಅಂಗೈ ಕೆಂಪಾಗುವವರೆಗೆ ಜಗ್ಗಿದೆವು. ಒಂದೇ ಒಂದು ಸಲ ಕೆಮ್ಮಿತು, ಅಷ್ಟೇ. ಕೊನೆಗೆ ಇಬ್ಬರು ಅಂಬಿಗರು ಹುಟ್ಟು ಹಾಕಿಕೊಂಡೇ ಹೋಗಿ ಅಜ್ಜಿಯನ್ನು ಕರೆತಂದರು. ಆಡುಗಳನ್ನೂ ತಂದರು. ಹತ್ತು ನಿಮಿಷದ ದಾರಿಗೆ ಒಂದೂವರೆ ತಾಸು ಹಿಡಿಯಿತು. ಆ ಒಂದೂವರೆ ತಾಸು ದಂಡೆಯಲ್ಲಿ ನಿಂತವರು ಯಾರೂ ಮಾತಾಡಲಿಲ್ಲ.

ನಾನು ಪಂಪ್‌ಸೆಟ್ ಮತ್ತು ಬೋಟಿನ ಎಂಜಿನ್ ರಿಪೇರಿ ಮಾಡುವವನು. ನೀರು ಇಳಿದ ಮೇಲೆ ಆ ಎಂಜಿನ್ ನನ್ನ ಹತ್ತಿರ ಬಂತು. ಬಿಚ್ಚಿದೆ. ಒಂದು ಪಾರ್ಟೂ ಮುರಿದಿರಲಿಲ್ಲ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ಕಪ್ಪು (ಪೆಟ್ರೋಲ್ ನಿಲ್ಲುವ ಸಣ್ಣ ಬಟ್ಟಲು) ತೆಗೆದಾಗ ಮಾತ್ರ ತಳದಲ್ಲಿ ಬೆಲ್ಲದ ಪಾಕದಂಥ ಕಂದು ಅಂಟು ಕಂಡಿತು. ಬೆರಳಿಗೆ ಎಳೆ ಎಳೆಯಾಗಿ ಹತ್ತಿತು. ಅದು ಹಿಂದಿನ ವರ್ಷದ ಪೆಟ್ರೋಲ್. ಅದರ ಪಕ್ಕದಲ್ಲಿ ನಾಲ್ಕು ಹನಿ ನೀರು, ಸುತ್ತ ಬಿಳಿ ಪುಡಿ. ಪೆಟ್ರೋಲ್ ಹಾದುಹೋಗುವ ಜೆಟ್ಟಿನ ತೂತು ಸೂಜಿ ತುದಿಯಷ್ಟೇ ಇರುತ್ತದೆ, ಅದು ಪೂರ್ತಿ ಮುಚ್ಚಿತ್ತು. ಎತ್ತಿಡುವ ದಿನ ಯಾರಾದರೂ ಹತ್ತು ನಿಮಿಷ ಕೂತು ಆ ಕಪ್ಪು ಖಾಲಿ ಮಾಡಿದ್ದರೆ ಎಂಜಿನ್ ಆವತ್ತು ಹೊತ್ತಿಕೊಳ್ಳುತ್ತಿತ್ತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯಲ್ಲಿ, ಆಲಮಟ್ಟಿ ಹಿನ್ನೀರಿನಲ್ಲಿ ಮೀನು ಹಿಡಿಯುವವರಿಗೆ, ಜನ ದಾಟಿಸುವವರಿಗೆ, ಪ್ರವಾಹಕ್ಕೆಂದು ಪಂಚಾಯಿತಿಯಲ್ಲೋ ಸಂಘದಲ್ಲೋ ಬೋಟು ಇಟ್ಟುಕೊಂಡವರಿಗೆ. ನಮ್ಮ ಬೋಟುಗಳು ಮಳೆಗಾಲದಲ್ಲಿ ಎರಡರಿಂದ ನಾಲ್ಕು ತಿಂಗಳು ದುಡಿಯುತ್ತವೆ, ಉಳಿದ ಎಂಟು ಹತ್ತು ತಿಂಗಳು ಸುಮ್ನೆ ನಿಂತಿರುತ್ತವೆ. ಎಂಜಿನ್ ಕೆಡುವುದು ಆ ಸುಮ್ನೆ ನಿಂತ ತಿಂಗಳುಗಳಲ್ಲೇ. ಒಳಗೆ ಬಿಟ್ಟ ನೀರು ಮತ್ತು ಬಿಟ್ಟ ಪೆಟ್ರೋಲ್, ಇವೆರಡೇ ಅದನ್ನು ತಿನ್ನುತ್ತವೆ.

ಚಳಿಗೂ ಎಂಜಿನ್ನಿಗೂ ಏನು ಸಂಬಂಧ?

ಬೋಟಿನ ಎಂಜಿನ್ ಪುಸ್ತಕ ತೆಗೆದರೆ ಚಳಿಗಾಲದ ಬಗ್ಗೆ ಒಂದು ಪಾಠ ಇದ್ದೇ ಇರುತ್ತದೆ. ನಮ್ಮವರು ಆ ಪುಟ ಬಿಟ್ಟು ಮುಂದೆ ಹೋಗುತ್ತಾರೆ. ನಮಗಲ್ಲ ಅದು, ಐಸ್ ಬೀಳೋ ದೇಶದವರಿಗೆ ಅಂತ. ಅರ್ಧ ನಿಜ. ಬೋಟಿನ ಎಂಜಿನ್ ತಂಪಾಗುವುದು ಹೊಳೆಯ ನೀರಿನಿಂದಲೇ. ಆ ನೀರು ಒಳಗೆ ಉಳಿದು ಸೊನ್ನೆ ಡಿಗ್ರಿಗೆ ಇಳಿದರೆ ಮಂಜುಗಡ್ಡೆಯಾಗುತ್ತದೆ. ಗಡ್ಡೆಯಾಗುವಾಗ ನೀರು ಸುಮಾರು 9 ಶೇಕಡಾದಷ್ಟು ಉಬ್ಬುತ್ತದೆ. ಒಂದು ಲೀಟರ್ ನೀರು ಕೂತಿದ್ದ ಜಾಗ ಅದಕ್ಕೆ ಸಾಲುವುದಿಲ್ಲ. ಎರಕದ ಕಬ್ಬಿಣ ಹಿಗ್ಗುವುದಿಲ್ಲ, ಸೀಳುತ್ತದೆ. ಬ್ಲಾಕ್, ಅಂದರೆ ಎಂಜಿನ್ನಿನ ಮೂಲ ಮೈ, ಸೀಳಿದರೆ ಎಂಜಿನ್ ಹೋದ ಹಾಗೇ.

ಇಂಥ ಪೆಟ್ಟು ಜಾಸ್ತಿ ಬೀಳುವುದು ಕಡು ಚಳಿಯ ಊರಿನವರಿಗಲ್ಲ, ಅವರು ಪ್ರತಿ ವರ್ಷ ತಯಾರಾಗಿರುತ್ತಾರೆ. ಚಳಿ ಕಡಿಮೆ ಇರುವ ಕಡೆ ವರ್ಷಕ್ಕೆ ಎರಡೋ ಮೂರೋ ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುತ್ತದಲ್ಲ, ಅಲ್ಲಿಯವರಿಗೆ. 2021ರ ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹಾಗೇ ಆಯಿತು. ಬಿಸಿಲಿನ ನಾಡು ಅದು. ದಿಢೀರ್ ಚಳಿ ಬಂದು ಮನೆ ಮನೆಯ ನೀರಿನ ಪೈಪುಗಳೇ ಒಡೆದವು.

ವಿಜಯಪುರದಲ್ಲಿ ಡಿಸೆಂಬರ್, ಜನವರಿಯ ನಸುಕಿನಲ್ಲಿ ಪಾದರಸ 10 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಹಲ್ಲು ಕಟಕಟ ಅನ್ನುತ್ತವೆ, ನಿಜ. ಆದರೆ ನೀರು ಗಡ್ಡೆ ಕಟ್ಟುವುದಿಲ್ಲ. ಹಾಗಾಗಿ ಬ್ಲಾಕ್ ಸೀಳುವ ಭಯ ನಮಗಿಲ್ಲ. ನಮ್ಮ ಚಳಿಗಾಲ ಮಾಡುವ ಕೆಲಸ ಬೇರೆ. ಹಗಲು 30 ಡಿಗ್ರಿ ಹತ್ತಿರ, ರಾತ್ರಿ ಥಂಡಿ. ಈ ಏರಿಳಿತಕ್ಕೆ ಅರ್ಧ ಖಾಲಿ ಇರುವ ಟ್ಯಾಂಕಿನೊಳಗಿನ ಗಾಳಿ ಬೆವರುತ್ತದೆ. ತಂಬಿಗೆಯಲ್ಲಿ ತಣ್ಣೀರು ಇಟ್ಟರೆ ಹೊರಗೆ ಹನಿ ಕೂಡುತ್ತದಲ್ವಾ, ಹಾಗೆ. ಆ ಹನಿ ಇಳಿದು ಪೆಟ್ರೋಲಿನ ತಳ ಸೇರುತ್ತದೆ. ಸಿಲಿಂಡರಿನ ಗೋಡೆಗೂ ಹತ್ತುತ್ತದೆ. ಐಸ್ ಒಂದೇ ರಾತ್ರಿಯಲ್ಲಿ ಮಾಡುವುದನ್ನು ಜಂಗು (ತುಕ್ಕು) ಆರು ತಿಂಗಳಲ್ಲಿ ಮಾಡುತ್ತದೆ. ಮದ್ದು ಮಾತ್ರ ಎರಡಕ್ಕೂ ಒಂದೇ: ಎಂಜಿನ್ನಿನ ಹೊಟ್ಟೆಯಲ್ಲಿ ಹನಿ ನೀರು ಉಳಿಸಬೇಡಿ.

ಯಾವಾಗ ಮಾಡಬೇಕು

ಹೊಳೆ ತನ್ನ ಪಾತ್ರಕ್ಕೆ ಇಳಿದು, ಇನ್ನು ಬೋಟು ಬೇಡ ಅನ್ನಿಸಿದ ವಾರವೇ. ನಮ್ಮ ಕಡೆ ಲೆಕ್ಕ ಸುಲಭ: ಶೀಗಿ ಹುಣ್ಣಿಮೆ (ಅಕ್ಟೋಬರ್ ಸುಮಾರು) ಆದ ಮೇಲೆ ಶುರು ಮಾಡಿ, ಎಳ್ಳ ಅಮಾವಾಸ್ಯೆಗೆ (ಡಿಸೆಂಬರ್, ಜನವರಿ ಸುಮಾರು) ಹೊಲಕ್ಕೆ ಚರಗ ಚೆಲ್ಲಲು ಹೋಗುವುದರೊಳಗೆ ಮುಗಿಸಿ. ಅದಕ್ಕಿಂತ ತಡ ಮಾಡಿದರೆ ಪೆಟ್ರೋಲ್ ಆಗಲೇ ಹಳಸಲು ಹತ್ತಿರುತ್ತದೆ. ಅರ್ಧ ದಿನದ ಕೆಲಸ ಇದು. ಇಬ್ಬರಿದ್ದರೆ ಒಳ್ಳೆಯದು.

ಬೇಕಾಗುವ ಸಾಮಾನು: ಒಂದು 200 ಲೀಟರಿನ ಬ್ಯಾರಲ್, ಪಾನಾ ಸೆಟ್, ಪ್ಲಗ್ ಪಾನಾ, ದೊಡ್ಡ ಸ್ಕ್ರೂಡ್ರೈವರ್, ಒಂದು ಮೊಳ ಗಟ್ಟಿ ತಂತಿ, ಗೇರ್ ಆಯಿಲ್, ನೀರಿಗೆ ಕರಗದ ಗ್ರೀಸ್, ಟು-ಸ್ಟ್ರೋಕ್ ಆಯಿಲ್, ಹಳೆ ಧೋತರದ ತುಂಡು. ಎಂಜಿನ್ ಜೊತೆ ಬಂದ ಪುಸ್ತಕ ಇದ್ದರೆ ಪಕ್ಕದಲ್ಲಿಟ್ಟುಕೊಳ್ಳಿ. ಆಯಿಲ್ ನಂಬರು, ಅಳತೆ ಅದರಲ್ಲಿ ಹೇಳಿದ್ದೇ ಕೊನೆ ಮಾತು.

ಮೊದಲು ಒಳಗಿನ ರಾಡಿ ತೊಳೆಯಿರಿ

ಪ್ರವಾಹದ ನೀರು ಅಂದರೆ ಬರೀ ನೀರಲ್ಲ, ಎರೆಮಣ್ಣು ಕದಡಿದ ನೀರು. ಬೋಟಿನ ಹಿಂಭಾಗಕ್ಕೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ ಕೆಳಗಿನ ಜಾಲರಿಯಿಂದ ಈ ನೀರನ್ನು ಎಳೆದುಕೊಳ್ಳುತ್ತದೆ. ರಬ್ಬರಿನ ಒಂದು ಸಣ್ಣ ಇಂಪೆಲ್ಲರ್ ಅದನ್ನು ಮೇಲಕ್ಕೆ ದೂಡುತ್ತದೆ. ನೀರು ಸಿಲಿಂಡರಿನ ಸುತ್ತ ತಿರುಗಿ ಹೊರಗೆ ಬೀಳುತ್ತದೆ, ಒಂದು ಸಣ್ಣ ಧಾರೆ ಹಿಂದಿನ ತೂತಿನಿಂದ ಚಿಮ್ಮುತ್ತದೆ. ಎಂಜಿನ್ ನಿಲ್ಲಿಸಿದಾಗ ನೀರು ಇಳಿಯುತ್ತದೆ, ಮಣ್ಣು ಅಲ್ಲೇ ಕೂರುತ್ತದೆ. ಒಣಗಿದ ಎರೆಮಣ್ಣು ಎಷ್ಟು ಗಟ್ಟಿ ಅಂತ ಬೇಸಿಗೆಯಲ್ಲಿ ಹೊಲ ನೋಡಿದವರಿಗೆ ಹೇಳಬೇಕಾಗಿಲ್ಲ.

ಬ್ಯಾರಲ್ ತುಂಬಿಸಿ. ಎಂಜಿನ್ನನ್ನು ಅದರ ಅಂಚಿಗೆ ಗಟ್ಟಿ ಹಲಗೆ ಕಟ್ಟಿ ಸಿಕ್ಕಿಸಿ. ಬೋಟನ್ನು ದೂಡುವ ರೆಕ್ಕೆ, ಅಂದರೆ ಪ್ರೊಪೆಲ್ಲರ್, ಮೊದಲೇ ಬಿಚ್ಚಿಡಿ, ಇಲ್ಲದಿದ್ದರೆ ನೀರೆಲ್ಲ ಹೊರಗೆ ಎರಚುತ್ತದೆ, ಕೈಗೂ ಅಪಾಯ. ಪ್ರೊಪೆಲ್ಲರಿನ ಮೇಲೆ ಅಡ್ಡ ರೆಕ್ಕೆಯಂಥ ತಟ್ಟೆ ಇರುತ್ತದೆ. ನೀರು ಅದಕ್ಕಿಂತ ನಾಲ್ಕು ಬೆರಳು ಮೇಲಿರಬೇಕು. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಹತ್ತು ನಿಮಿಷ ನಿಧಾನಕ್ಕೆ ಓಡಿಸಿ. ಬ್ಯಾರಲ್ ನೀರು ಕಪ್ಪಾದರೆ ಚೆಲ್ಲಿ, ಬೇರೆ ತುಂಬಿಸಿ, ಮತ್ತೆ ಓಡಿಸಿ. ಹಿಂದಿನ ತೂತಿನ ಧಾರೆ ತಿಳಿಯಾಗುವ ತನಕ. ಧಾರೆ ಸಣ್ಣಗಿದ್ದರೆ ಎಂಜಿನ್ ನಿಲ್ಲಿಸಿ, ತೂತಿಗೆ ತೆಳು ತಂತಿ ಹಾಕಿ ಬಿಡಿಸಿ.

ಮೂರು ಎಚ್ಚರಿಕೆ. ನೀರಿಲ್ಲದೆ ಒಂದು ಕ್ಷಣವೂ ಓಡಿಸಬೇಡಿ, "ಬರೀ ಸ್ಟಾರ್ಟ್ ಆಗ್ತದಾ ನೋಡೋಣ" ಅಂತ ಕೂಡ. ಒಣ ಇಂಪೆಲ್ಲರ್ ಕೆಲವೇ ಸೆಕೆಂಡಿನಲ್ಲಿ ಕಾದು ಸುಟ್ಟುಹೋಗುತ್ತದೆ. ಎರಡನೆಯದು, ಈ ಕೆಲಸ ಅಂಗಳದಲ್ಲಿ ಮಾಡಿ. ಮುಚ್ಚಿದ ಕೋಣೆಯಲ್ಲಿ ಹೊಗೆ ಜೀವ ತೆಗೆಯುತ್ತದೆ. ಮೂರನೆಯದು, ಕೊನೆಯ ಸಲದ ನೀರು ಬೋರ್‌ವೆಲ್ಲಿನದು ಬೇಡ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರೂ ಜಿಲ್ಲೆಗಳ ಎಷ್ಟೋ ಊರುಗಳ ಬೋರಿನ ನೀರು ಗಡಸು. ಹಂಡೆಯ ತಳಕ್ಕೆ ಬಿಳಿ ಹಕ್ಕಳೆ ಕಟ್ಟುವ ನೀರು ಎಂಜಿನ್ನಿನೊಳಗೂ ಅದನ್ನೇ ಕಟ್ಟುತ್ತದೆ. ತಿಳಿಯಾದ ಹೊಳೆ ನೀರು ಅಥವಾ ಮಳೆ ನೀರು ಒಳ್ಳೆಯದು.

ಪೆಟ್ರೋಲ್ ಖಾಲಿ ಮಾಡಿ, ಪೂರ್ತಿ

ಬ್ಯಾರಲಿನಲ್ಲಿ ಓಡುತ್ತಿರುವಾಗಲೇ ಟ್ಯಾಂಕಿನ ಪೈಪು ಕಳಚಿ. ಎಂಜಿನ್ ಇನ್ನೊಂದೆರಡು ನಿಮಿಷ ಓಡಿ, ಸ್ವಲ್ಪ ಜೋರಾಗಿ, ಆಮೇಲೆ ತಾನೇ ನಿಲ್ಲುತ್ತದೆ. ಅಲ್ಲಿಗೆ ಪೈಪಿನಲ್ಲಿದ್ದದ್ದು ಮುಗಿಯಿತು. ಆದರೆ ಕಪ್ಪಿನ ತಳದಲ್ಲಿ ಇನ್ನೂ ಒಂದಿಷ್ಟು ಉಳಿದಿರುತ್ತದೆ. ಜನ ಇಲ್ಲೇ ಬಿಡುತ್ತಾರೆ. ಬಿಡಬೇಡಿ. ಎಂಜಿನ್ ಪೂರ್ತಿ ಆರಲಿ. ಆಮೇಲೆ ಕಾರ್ಬೊರೇಟರಿನ ಕಪ್ಪಿನ ಕೆಳಗಿರುವ ಡ್ರೇನ್ ಸ್ಕ್ರೂ ಬಿಚ್ಚಿ, ಗಾಜಿನ ಲೋಟ ಹಿಡಿಯಿರಿ. ಗಾಜಿನದೇ ಯಾಕೆ ಅಂದರೆ ಬಂದದ್ದು ಏನು ಅಂತ ಕಣ್ಣಿಗೆ ಕಾಣಬೇಕು. ಎರಡು ನಿಮಿಷ ಹಾಗೇ ಇಟ್ಟು ನೋಡಿ. ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ ಅಂತಲೇ ಅರ್ಥ. ಆಗ ಟ್ಯಾಂಕನ್ನೂ ಫಿಲ್ಟರನ್ನೂ ತೊಳೆಯಬೇಕು.

ಈ ವಿಷಯ ಈಗ ಮೊದಲಿಗಿಂತ ಗಂಭೀರ. ಬಂಕಿನಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾದಷ್ಟು ಎಥೆನಾಲ್ ಇರುತ್ತದೆ. ಅದರಲ್ಲಿ ಒಂದಿಷ್ಟು ನಮ್ಮ ಕಬ್ಬಿನಿಂದ ಆದದ್ದು. ಬೆಳಗಾವಿ, ಬಾಗಲಕೋಟೆಯ ಕಾರ್ಖಾನೆಗಳಿಗೆ ಅದರಿಂದ ಕೆಲಸ, ರೈತನಿಗೆ ರೊಕ್ಕ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಎಥೆನಾಲಿಗೆ ನೀರು ಅಂದರೆ ಪ್ರಾಣ. ಗಾಳಿಯಲ್ಲಿರುವ ತೇವವನ್ನೂ ಎಳೆದುಕೊಳ್ಳುತ್ತದೆ. ಒಂದು ಮಿತಿ ದಾಟಿದ ಮೇಲೆ ಎಥೆನಾಲ್, ನೀರು ಎರಡೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಎಂಜಿನ್ ಪೆಟ್ರೋಲ್ ಎಳೆಯುವುದೂ ತಳದಿಂದಲೇ. ಹಳೆ ಎಂಜಿನ್ನುಗಳ ರಬ್ಬರ್ ಪೈಪನ್ನೂ ಇದು ಮೆತ್ತಗೆ ಮಾಡುತ್ತದೆ. ದಿನಾ ಓಡುವ ಬೈಕಿಗೆ ಇದು ಅಷ್ಟಾಗಿ ತಾಗುವುದಿಲ್ಲ. ಎಂಟು ತಿಂಗಳು ನಿಂತಿರುವ ಬೋಟಿಗೆ ತಾಗುತ್ತದೆ.

ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಏನು ಮಾಡುವುದು? ಟು-ಸ್ಟ್ರೋಕ್ ಆಯಿಲ್ ಬೆರೆಸಿರದ ತಾಜಾ ಪೆಟ್ರೋಲ್ ಆದರೆ ಅದೇ ವಾರ ಬೈಕಿಗೆ ಹಾಕಿ ಮುಗಿಸಿ. ಬೆರೆಸಿದ್ದಾದರೆ ಗ್ಯಾರೇಜಿಗೆ ಕೊಡಿ, ಪಾರ್ಟ್ ತೊಳೆಯಲು ಬೇಕಾಗುತ್ತದೆ. ಹೊಳೆಗೆ ಚೆಲ್ಲಬೇಡಿ. ಕಬ್ಬಿನ ರವದಿ ಸುಡಲು ಬಳಸಬೇಡಿ, ಅದರಿಂದ ಮೈ ಸುಟ್ಟುಕೊಂಡವರನ್ನು ನೋಡಿದ್ದೇನೆ. ಖಾಲಿ ಟ್ಯಾಂಕಿನ ಮುಚ್ಚಳ ತೆಗೆದು ನೆರಳಲ್ಲಿ ಒಂದು ದಿನ ಒಣಗಲು ಬಿಟ್ಟು, ಆಮೇಲೆ ಬಿಗಿಯಾಗಿ ಮುಚ್ಚಿ.

ಡೀಸೆಲ್ ಎಂಜಿನ್ನಿಗೆ ಇದು ಉಲ್ಟಾ. ಡೀಸೆಲ್ ಟ್ಯಾಂಕ್ ಕಂಠಮಟ ತುಂಬಿಸಿಡಿ. ಖಾಲಿ ಜಾಗ ಇಲ್ಲದಿದ್ದರೆ ಬೆವರಲು ಗಾಳಿಯೇ ಇರುವುದಿಲ್ಲ. ಫಿಲ್ಟರಿನ ಬುಡದ ಸ್ಕ್ರೂ ಸಡಿಲಿಸಿ, ಕೂಡಿದ ನೀರು ಬಸಿದುಬಿಡಿ.

ಸಿಲಿಂಡರಿಗೆ ಎಣ್ಣೆ

ಪ್ಲಗ್ ಬಿಚ್ಚಿ. ಪ್ರತಿ ತೂತಿಗೂ ಒಂದೊಂದು ಚಹಾ ಚಮಚದಷ್ಟು ಟು-ಸ್ಟ್ರೋಕ್ ಆಯಿಲ್ ಹನಿಸಿ. ಸೇಫ್ಟಿ ಸ್ವಿಚ್ಚಿನ ಹಗ್ಗ ಕಿತ್ತಿಡಿ, ಪ್ಲಗ್ ವೈರುಗಳನ್ನು ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿಡಿ. ಸುತ್ತ ಪೆಟ್ರೋಲ್ ವಾಸನೆ ಇರುತ್ತದೆ, ಕಿಡಿ ಹಾರಬಾರದು. ಈಗ ಹಗ್ಗವನ್ನು ನಿಧಾನವಾಗಿ ನಾಲ್ಕೈದು ಸಲ ಎಳೆಯಿರಿ. ಎಣ್ಣೆ ಗೋಡೆಗೆಲ್ಲ ಹರಡುತ್ತದೆ. ಜಾತ್ರೆ ಮುಗಿದ ಮೇಲೆ ಕಬ್ಬಿಣದ ಹಂಚಿಗೆ ಎಣ್ಣೆ ಸವರಿ ಎತ್ತಿಡುವುದಿಲ್ಲವೇ, ಅದೇ ಕೆಲಸ. ಪ್ಲಗ್ ವಾಪಸ್ ಹಾಕಿ, ಕೈಯಿಂದ ತಿರುಗಿಸಿ ಕೂರಿಸಿ, ಆಮೇಲಷ್ಟೇ ಪಾನಾ.

ಫೋರ್-ಸ್ಟ್ರೋಕ್ ಆದರೆ ಎಂಜಿನ್ ಆಯಿಲನ್ನು ಈಗಲೇ ಬದಲಿಸಿ, ಜೂನಿನಲ್ಲಲ್ಲ. ಓಡಿದ ಆಯಿಲಿನಲ್ಲಿ ಆಮ್ಲ, ತೇವ ಎರಡೂ ಇರುತ್ತವೆ. ಅದು ಬೇರಿಂಗಿನ ಮೇಲೆ ಎಂಟು ತಿಂಗಳು ಕೂರುವುದು ಒಳ್ಳೆಯದಲ್ಲ.

ಗೇರ್ ಬಾಕ್ಸ್: ಇಲ್ಲಿ ಅವಸರ ಬೇಡ

ಔಟ್‌ಬೋರ್ಡ್ ಎಂಜಿನ್ನನ್ನು ನೆಟ್ಟಗೆ ನಿಲ್ಲಿಸಿದರೆ ಮೇಲಿನ ನೀರೆಲ್ಲ ತಾನೇ ಇಳಿದುಹೋಗುತ್ತದೆ. ಹೋಗದೆ ಉಳಿಯುವ ಒಂದೇ ಜಾಗ ಪ್ರೊಪೆಲ್ಲರಿನ ಹಿಂದಿನ ಗೇರ್ ಬಾಕ್ಸ್, ಅದೂ ನೀರು ಒಳಗೆ ಬರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಆಯಿಲ್ ಸೀಲ್, ಹೋಗಿದ್ದರೆ. ಚಳಿ ದೇಶಗಳಲ್ಲಿ ಮೊದಲು ಸೀಳುವುದೂ ಇದೇ. ನಮ್ಮಲ್ಲಿ ಸೀಳುವುದಿಲ್ಲ, ಹಲ್ಲು ಜಂಗು ಹಿಡಿದು ಸವೆಯುತ್ತವೆ.

ಗೇರ್ ಬಾಕ್ಸಿನ ಪಕ್ಕದಲ್ಲಿ ಎರಡು ದೊಡ್ಡ ಸ್ಕ್ರೂ ಇರುತ್ತವೆ, ಒಂದು ಕೆಳಗೆ, ಒಂದು ಮೇಲೆ. ಕೆಳಗೆ ಬಟ್ಟಲು ಇಟ್ಟು ಮೊದಲು ಕೆಳಗಿನದು, ಆಮೇಲೆ ಮೇಲಿನದು ಬಿಚ್ಚಿ. ಆಯಿಲ್ ಬೀಳುವುದನ್ನು ನೋಡುತ್ತ ನಿಲ್ಲಿ. ಕಪ್ಪಗೆ ಬಂದರೆ ಚಿಂತೆ ಇಲ್ಲ, ಹಳೆಯದಾಗಿದೆ ಅಷ್ಟೇ. ಮೊದಲು ನೀರು ಬಂದು ಆಮೇಲೆ ಆಯಿಲ್ ಬಂದರೆ, ಅಥವಾ ಆಯಿಲ್ಲೇ ಹಾಲು ಚಹಾದ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿದೆ. ಬೆರಳಿಗೆ ಸ್ವಲ್ಪ ಹಚ್ಚಿ ಉಜ್ಜಿ ನೋಡಿ. ಚುಕ್ಕೆ ಚುಕ್ಕೆ ಹೊಳೆದರೆ ಲೋಹದ ಪುಡಿ. ಹಾಗಿದ್ದರೆ ಮೆಕ್ಯಾನಿಕ್ ಹತ್ತಿರ ಒಯ್ಯಿರಿ.

ಸೀಲ್ ಹೋಗುವುದು ಯಾಕೆ? ಹತ್ತರಲ್ಲಿ ಎಂಟು ಸಲ ನನಗೆ ಸಿಕ್ಕಿದ್ದು ಮೀನಿನ ಬಲೆಯ ನೈಲಾನ್ ದಾರ. ಪ್ರೊಪೆಲ್ಲರಿನ ಹಿಂದೆ ಶಾಫ್ಟಿಗೆ ಸುತ್ತಿಕೊಂಡು, ಬಿಸಿಗೆ ಕರಗಿ, ಬಳೆಯ ಹಾಗೆ ಗಟ್ಟಿಯಾಗಿ ಸೀಲನ್ನು ಕತ್ತರಿಸಿರುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಅದಕ್ಕೇ ಪ್ರೊಪೆಲ್ಲರ್ ಬಿಚ್ಚಿದಾಗ ಬ್ಲೇಡಿನ ತುದಿಯಿಂದ ಆ ದಾರದ ಪ್ರತಿ ಎಳೆ ಕಿತ್ತು ತೆಗೆಯಿರಿ. ಸೀಲಿಗೆ ಬ್ಲೇಡು ತಾಗದ ಹಾಗೆ ನೋಡಿಕೊಳ್ಳಿ.

ಹೊಸ ಆಯಿಲನ್ನು ಕೆಳಗಿನ ತೂತಿನಿಂದ ಮೇಲಕ್ಕೆ ತುಂಬಿಸಬೇಕು. ಮೇಲಿನಿಂದ ಸುರಿದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಮೇಲಿನ ತೂತಿನಿಂದ ಗುಳ್ಳೆ ಇಲ್ಲದೆ ಆಯಿಲ್ ಹೊರಬಂದಾಗ ಮೊದಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಟ್ಯೂಬ್ ತೆಗೆದು ತಕ್ಷಣ ಕೆಳಗಿನದು. ಎರಡಕ್ಕೂ ಹೊಸ ವಾಶರ್. ಹಳೆ ವಾಶರಿನಿಂದಲೇ ಮುಂದಿನ ಮಳೆಗಾಲಕ್ಕೆ ನೀರು ಒಳಗೆ ಬರುತ್ತದೆ. ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ಹಚ್ಚಿ ಪ್ರೊಪೆಲ್ಲರ್ ಕೂರಿಸಿ.

ಬೋಟಿನೊಳಗೇ ಕೂತ ಡೀಸೆಲ್ ಎಂಜಿನ್ನು

ದೊಡ್ಡ ಬೋಟುಗಳಲ್ಲಿ ಎಂಜಿನ್ ಒಳಗೇ ಕೂತಿರುತ್ತದೆ. ಅದರ ನೀರು ತಾನಾಗಿ ಇಳಿಯುವುದಿಲ್ಲ. ಬ್ಲಾಕಿನ ಬದಿಯಲ್ಲಿ, ಸೈಲೆನ್ಸರ್ ಕಡೆಯ ಮೇಲ್ಭಾಗದಲ್ಲಿ, ನೀರಿನ ಪಂಪಿನಲ್ಲಿ ಒಂದೊಂದು ಡ್ರೇನ್ ಇರುತ್ತದೆ. ಎಲ್ಲವನ್ನೂ ಹುಡುಕಿ ಬಿಚ್ಚಬೇಕು.

ಹಿನ್ನೀರಿನ ದಂಡೆಯಲ್ಲಿ ಒಮ್ಮೆ ಹೀಗೇ ಒಂದು ಎಂಜಿನ್ ಬಸಿಯುತ್ತಿದ್ದೆವು. ನನ್ನ ಜೊತೆಗಿದ್ದ ಹುಡುಗ ಬ್ಲಾಕಿನ ನಲ್ಲಿ ತಿರುಗಿಸಿದ. ಒಂದು ಹನಿಯೂ ಬರಲಿಲ್ಲ. "ಅಣ್ಣಾ, ನೀರೆಲ್ಲ ಖಾಲಿ ಆಗೇತಿ," ಅಂದು ನಲ್ಲಿ ಮುಚ್ಚಲು ಹೋದ. ತಡಿ ಅಂದೆ. ತಂತಿ ತೆಗೆದುಕೊಂಡು ತೂತಿಗೆ ತೂರಿಸಿದೆ. ಮೆತ್ತಗೆ ಏನೋ ತಡೆಯಿತು. ಎರಡು ಸಲ ತಿರುವಿದೆ. ಮೊದಲು ಕಪ್ಪು ರಾಡಿಯ ಒಂದು ಬತ್ತಿ ಹೊರಗೆ ಬಂತು, ಹಿಂದೆಯೇ ಭಸ್ ಅಂತ ನೀರು. ನನ್ನ ಮೊಣಕೈ ತನಕ ನೆನೆಯಿತು. ಹಿಡಿದ ಬಕೆಟ್ಟಿನ ಕಾಲು ಭಾಗ ತುಂಬಿತು. ಆ ಹುಡುಗ ಈಗ ಬೇರೆ ಊರಲ್ಲಿ ಸ್ವಂತ ಗ್ಯಾರೇಜ್ ಇಟ್ಟಿದ್ದಾನೆ, ಅವನ ಜೇಬಿನಲ್ಲಿ ಇವತ್ತಿಗೂ ಆ ಥರದ ತಂತಿ ಇರುತ್ತದೆ.

ನಲ್ಲಿ ತಿರುಗಿಸಿ ನೀರು ಬರಲಿಲ್ಲ ಅಂದರೆ ನೀರಿಲ್ಲ ಅಂದುಕೊಳ್ಳಬೇಡಿ. ತಂತಿ ಹಾಕಿ. ಎಲ್ಲ ಬಸಿದ ಮೇಲೂ ನಲ್ಲಿಗಳನ್ನು ತೆರೆದೇ ಬಿಡಿ, ಸ್ಟೀರಿಂಗಿಗೆ ಒಂದು ಚೀಟಿ ಕಟ್ಟಿ: ‘ನಲ್ಲಿ ತೆರೆದಿದೆ’. ಹೊಳೆದಂಡೆಯಲ್ಲಿ ನಿಂತಿರುವ ನೀರು ತಂಪಿನ ಪಂಪ್ ಎಂಜಿನ್ನುಗಳಿಗೂ ಇದೇ ಕ್ರಮ ನಡೆಯುತ್ತದೆ.

ಕೆಲವು ಎಂಜಿನ್ನುಗಳಲ್ಲಿ ಕಾರಿನ ಹಾಗೆ ಕೂಲಂಟ್ ಇರುತ್ತದೆ. ಅದನ್ನು ಬಸಿಯಬೇಕಾಗಿಲ್ಲ. ಕೂಲಂಟನ್ನು ಶುದ್ಧ ನೀರಿಗೆ ಅರ್ಧಕ್ಕರ್ಧ ಬೆರೆಸಿದರೆ ಮೈನಸ್ 35 ಡಿಗ್ರಿ ತನಕ ಗಡ್ಡೆ ಕಟ್ಟುವುದಿಲ್ಲ. ನಮಗೆ ಅದಕ್ಕಿಂತ ಮುಖ್ಯವಾದ ಗುಣ, ಒಳಗೆ ಜಂಗು ಹಿಡಿಯಲು ಬಿಡುವುದಿಲ್ಲ. ಬರೀ ನೀರು ಹಾಕಿ ಓಡಿಸಬೇಡಿ. ಒಂದು ಮಾತು ನೆನಪಿಡಿ: ಸಾಮಾನ್ಯವಾಗಿ ಸಿಗುವ ಕೂಲಂಟಿನಲ್ಲಿ ಎಥಿಲೀನ್ ಗ್ಲೈಕಾಲ್ ಇರುತ್ತದೆ. ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಚೆಲ್ಲಿದ್ದನ್ನು ನಾಯಿ ನೆಕ್ಕುತ್ತದೆ, ಕರು ನೆಕ್ಕುತ್ತದೆ. ಬಟ್ಟಲು ಅಂಗಳದಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ.

ನಮ್ಮ ಭಾಗದ ಎಷ್ಟೋ ಹುಡುಗರು ಸೇನೆಯಲ್ಲಿದ್ದಾರೆ. ಲಡಾಖಿನ ಪ್ಯಾಂಗಾಂಗ್ ಸರೋವರ 4,200 ಮೀಟರಿಗೂ ಎತ್ತರದಲ್ಲಿದೆ, ಚಳಿಗಾಲದಲ್ಲಿ ಪೂರ್ತಿ ಗಡ್ಡೆ ಕಟ್ಟುತ್ತದೆ. ಅಂಥ ಕಡೆ ಎಂಜಿನ್ ನೋಡಿಕೊಳ್ಳುವ ತಮ್ಮಂದಿರು ಇದನ್ನು ಓದಿದರೆ, ಅವರಿಗೆ ಬಸಿಯುವುದರ ಜೊತೆ ಇನ್ನೊಂದು ಕೆಲಸ ಇದೆ. ಹೊರಗಿನ ನೀರು ಹರಿಯುವ ಇಡೀ ದಾರಿಯಲ್ಲಿ ವಿಷವಲ್ಲದ, ಪ್ರೊಪಿಲೀನ್ ಗ್ಲೈಕಾಲಿನ ಆ್ಯಂಟಿಫ್ರೀಜ್ ಓಡಿಸಿ, ಸೈಲೆನ್ಸರಿನಿಂದ ಅದರ ಬಣ್ಣ ಕಾಣುವ ತನಕ ಬಿಡಬೇಕು. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಡಬೇಕು, ಇಳಿದ ಬ್ಯಾಟರಿಯೊಳಗಿನ ನೀರು ಬೇಗ ಗಡ್ಡೆ ಕಟ್ಟುತ್ತದೆ.

ಎಲ್ಲಿ ಇಡಬೇಕು, ಹೇಗೆ ಇಡಬೇಕು

ಔಟ್‌ಬೋರ್ಡನ್ನು ಮಲಗಿಸಬೇಡಿ. ಕೆಳಭಾಗ ಮೇಲಾಗಿ, ತಲೆ ಕೆಳಗಾಗಿ ಮಲಗಿಸಿದರೆ ಕಾಲಿನಲ್ಲಿ ಉಳಿದ ನೀರು ಸೈಲೆನ್ಸರ್ ದಾರಿಯಿಂದ ಸಿಲಿಂಡರಿಗೇ ಹೋಗುತ್ತದೆ. ಬಡಗಿಗೆ ಹೇಳಿ ಒಂದು ಮರದ ಸ್ಟ್ಯಾಂಡ್ ಮಾಡಿಸಿ: ಅಗಲ ಬುಡ, ಎರಡು ಕಂಬ, ಮೇಲೆ ಒಂದೂವರೆ ಇಂಚು ದಪ್ಪದ ಹಲಗೆ. ಪ್ರೊಪೆಲ್ಲರ್ ನೆಲಕ್ಕೆ ತಾಗದಷ್ಟು ಎತ್ತರ ಇರಲಿ. ಜಾಲಿ ಕಟ್ಟಿಗೆಯಾದರೂ ಸಾಕು.

ದನದ ಕೊಟ್ಟಿಗೆಯಲ್ಲಿ ಇಡಬೇಡಿ. ಗಂಜಲದ ಘಾಟು ತಾಮ್ರ, ಹಿತ್ತಾಳೆಯ ಪಾರ್ಟುಗಳನ್ನು ತಿನ್ನುತ್ತದೆ. ಯೂರಿಯಾ, ಪೊಟ್ಯಾಷ್ ಚೀಲ ಇಟ್ಟ ಕೋಣೆಯೂ ಬೇಡ, ಗೊಬ್ಬರ ತೇವ ಎಳೆದುಕೊಂಡು ಸುತ್ತಲಿನ ಕಬ್ಬಿಣವನ್ನೆಲ್ಲ ಹಾಳು ಮಾಡುತ್ತದೆ. ಪತ್ರಾಸ್ (ತಗಡಿನ) ಶೆಡ್ಡಿನ ಕೆಳಗೆ ಬೇಸಿಗೆಯ ಕಾವು ಜಾಸ್ತಿ. ವಿಜಯಪುರದ ಏಪ್ರಿಲ್, ಮೇ ಬಿಸಿಲು 40 ದಾಟುತ್ತದೆ, ರಬ್ಬರ್ ಪೈಪು, ಪೆಟ್ರೋಲ್ ಒತ್ತುವ ಗುಂಡು ಬಿರುಕು ಬಿಡುತ್ತವೆ. ನಮ್ಮ ಎಂಜಿನ್ನುಗಳಿಗೆ ಚಳಿಗಿಂತ ಈ ಕಾವೇ ದೊಡ್ಡ ಶತ್ರು. ಮಣ್ಣಿನ ಗೋಡೆಯ, ಗಾಳಿಯಾಡುವ ಕೋಣೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಬೇಡಿ, ಒಳಗೇ ಬೆವರುತ್ತದೆ. ಹಳೆ ಹತ್ತಿ ಚಾದರ ಹೊದಿಸಿ, ಬಯಲಲ್ಲಿಡಬೇಕಾದರೆ ಅದರ ಮೇಲೆ ತಾಡಪತ್ರಿ, ಕೆಳಗೆ ಗಾಳಿಗೆ ಜಾಗ ಬಿಟ್ಟು. ನೀರಿನ ತೂತು, ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ, ಬಾಲದಂತೆ ತುದಿ ಹೊರಗೆ ಕಾಣಲಿ. ಕುಂಬಾರ ಹುಳ ಇಂಥ ತೂತು ಹುಡುಕಿಕೊಂಡೇ ಬಂದು ಮಣ್ಣಿನ ಗೂಡು ಕಟ್ಟುತ್ತದೆ. ಜೋಳದ ಚೀಲ ಹತ್ತಿರವಿದ್ದರೆ ಇಲಿ ಬರುತ್ತದೆ, ವೈರ್ ಕಡಿಯುತ್ತದೆ.

ಬ್ಯಾಟರಿ ಬಿಚ್ಚಿ ಮನೆಯೊಳಗೆ ತನ್ನಿ. ಪೂರ್ತಿ ಚಾರ್ಜ್ ಆದದ್ದು 12.6 ವೋಲ್ಟ್ ತೋರಿಸಬೇಕು. ತಿಂಗಳಿಗೊಮ್ಮೆ ನೋಡಿ, 12.4ಕ್ಕಿಂತ ಇಳಿದರೆ ಚಾರ್ಜಿಗೆ ಹಾಕಿ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಹಾಕಬೇಡಿ.

ಹೊಳೆ ಏರುವ ಮುಂಚೆ ಒಂದು ದಿನ

ಮೃಗಶಿರ ಮಳೆ ಜೂನ್ ಮೊದಲ ವಾರ ಕೂಡುತ್ತದೆ. ಕೃಷ್ಣೆ ಏರುವುದು ಸಾಮಾನ್ಯವಾಗಿ ಜುಲೈನಲ್ಲಿ. ನಡುವಿನ ಈ ಹೊತ್ತು ಎಂಜಿನ್ನಿಗೆ ಮೀಸಲು. ಕಾರ ಹುಣ್ಣಿಮೆಗೆ ಎತ್ತಿನ ಮೈ ತೊಳೆಯುವ ದಿನವೇ ಎಂಜಿನ್ನನ್ನೂ ಹೊರಗೆ ತೆಗೆಯುವ ರೂಢಿ ನಮ್ಮಲ್ಲಿ ಈಗ ಬಂದಿದೆ.

ಬಟ್ಟೆಗಳನ್ನು ಕೀಳಿ, ಎಣಿಸಿಕೊಳ್ಳಿ. ತೆರೆದ ನಲ್ಲಿಗಳನ್ನು ಮುಚ್ಚಿ. ಪೈಪು ಮಡಚಿ ನೋಡಿ, ಬಿರುಕಿದ್ದರೆ ಹೊಸದು ಹಾಕಿ. ರಾಡಿ ನೀರಲ್ಲಿ ದುಡಿದ ಇಂಪೆಲ್ಲರನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಅದರ ರೆಕ್ಕೆಗಳು ಒಂದೇ ಕಡೆ ಬಾಗಿ ಗಟ್ಟಿಯಾಗಿದ್ದರೆ ಕಾಯಬೇಡಿ, ಈಗಲೇ ಬದಲಿಸಿ. ತಾಜಾ ಪೆಟ್ರೋಲ್ ತನ್ನಿ, ಎರಡು ಮೂರು ಲೀಟರ್ ಸಾಕು. ಬ್ಯಾರಲಿಗೆ ನೀರು ತುಂಬಿ, ಎಂಜಿನ್ ಇಳಿಸಿ, ಹಗ್ಗ ಎಳೆಯಿರಿ. ಸಿಲಿಂಡರಿಗೆ ಹಾಕಿದ ಎಣ್ಣೆ ಸುಡುವ ತನಕ ಬಿಳಿ ಹೊಗೆ ಬರುತ್ತದೆ, ಹೆದರಬೇಡಿ. ಕಣ್ಣು ಹಿಂದಿನ ತೂತಿನ ಮೇಲಿರಲಿ. ಅರ್ಧ ನಿಮಿಷದಲ್ಲಿ ಅಲ್ಲಿಂದ ನೀರಿನ ಧಾರೆ ಬರಬೇಕು. ಬರದಿದ್ದರೆ ನಿಲ್ಲಿಸಿ, ಇಂಪೆಲ್ಲರ್ ನೋಡಿ. ಬಂದರೆ ಹತ್ತು ನಿಮಿಷ ಓಡಲು ಬಿಡಿ.

ಆಮೇಲೆ ಎಂಜಿನ್ ಆರಲು ಬಿಟ್ಟು, ಒಂದು ತಾಸು ಬಿಟ್ಟು ಮತ್ತೆ ಹಗ್ಗ ಎಳೆಯಿರಿ. ಎರಡನೇ ಸಲವೂ ಒಂದೆರಡು ಎಳೆತಕ್ಕೆ ಹೊತ್ತಿಕೊಂಡರೆ ಬೋಟಿಗೆ ಸಿಕ್ಕಿಸಿ. ಹುಟ್ಟು ಎರಡನ್ನೂ ಬೋಟಿನೊಳಗೇ ಇಡಿ.